ವುಡ್ ಬ್ಯಾಡ್ಜ್: ಸ್ಕೌಟ್ ನಾಯಕರ ತರಬೇತಿ ಬೆಳೆದು ಬಂದ ಬಗೆ

ಮಕ್ಕಳ ಸ್ಕೌಟ್ ದಳಗಳನ್ನು ನಡೆಸುವ ವಯಸ್ಕ ಸ್ವಯಂಸೇವಕರಿಗೆ ಕೊಡುವ ಉನ್ನತ ತರಬೇತಿಗೆ ವುಡ್ ಬ್ಯಾಡ್ಜ್ ಎಂದು ಹೆಸರು. ತರಬೇತಿ ಮುಗಿಸಿದವರಿಗೆ ಸಿಗುವುದು ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಪುಟ್ಟ ಮರದ ಮಣಿಗಳು, ಒಂದು ಸ್ಕಾರ್ಫು ಮತ್ತು ಅದನ್ನು ಕೊರಳಲ್ಲಿ ಹಿಡಿದಿಡುವ ತೊಗಲಿನ ವಾಗಲ್. 1919ರಲ್ಲಿ ಲಂಡನ್ನಿನ ಅಂಚಿನ ಗಿಲ್ವೆಲ್ ಪಾರ್ಕ್‌ನಲ್ಲಿ ಶುರುವಾದ ಈ ಪದ್ಧತಿ ಇಂದು ಜಗತ್ತಿನ ಬಹುತೇಕ ಸ್ಕೌಟ್ ಸಂಸ್ಥೆಗಳಲ್ಲಿದೆ. ಭಾರತದಲ್ಲಿ ಅದನ್ನು ಹಿಮಾಲಯ ವುಡ್ ಬ್ಯಾಡ್ಜ್ ಎನ್ನುತ್ತಾರೆ. ನೂರು ವರ್ಷಗಳಲ್ಲಿ ಇದರ ಪಠ್ಯ ಹಲವು ಬಾರಿ ಬದಲಾಗಿದೆ. ಗಂಟು, ಹಗ್ಗ, ದಿಕ್ಸೂಚಿಗಳಿಂದ ಹೊರಟ ತರಬೇತಿ ಕೆಲವು ದೇಶಗಳಲ್ಲಿ ಆಡಳಿತ ನಿರ್ವಹಣೆಯ ಪಾಠದವರೆಗೆ ಬಂದಿದೆ. ಬದಲಾಗದೆ ಉಳಿದಿರುವುದು ಕಲಿಸುವ ಕ್ರಮ. ಮಕ್ಕಳಿಂದ ಏನನ್ನು ಮಾಡಿಸಬೇಕೋ ಅದನ್ನು ದೊಡ್ಡವರು ಮೊದಲು ತಾವೇ ಮಕ್ಕಳ ಜಾಗದಲ್ಲಿ ನಿಂತು ಮಾಡಿ ನೋಡಬೇಕು ಎಂಬುದೇ ಆ ಕ್ರಮದ ತಿರುಳು.

ದಳಗಳು ಹೆಚ್ಚಾದವು, ನಾಯಕರು ಸಾಲಲಿಲ್ಲ

ಸ್ಕೌಟ್ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿಯಾಗಿದ್ದವರು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು 20 ಹುಡುಗರ ಪ್ರಾಯೋಗಿಕ ಶಿಬಿರ ನಡೆಸಿದರು. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವ ವರ್ಗದ ಹುಡುಗರನ್ನೂ ಬೆರೆಸಿ ಪೆಟ್ರೋಲ್ ಎಂಬ ನಾಲ್ಕು ಪುಟ್ಟ ತಂಡಗಳನ್ನು ಮಾಡಿ, ಪ್ರತಿ ಪೆಟ್ರೋಲ್‌ಗೆ ಒಬ್ಬ ಹುಡುಗನನ್ನೇ ನಾಯಕನನ್ನಾಗಿಸಿದರು. ಮರುವರ್ಷ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಕಂತುಗಳಲ್ಲಿ ಹೊರಬಂತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ಗುಂಪು ಕಟ್ಟಿಕೊಂಡು, ಆಮೇಲೆ ತಮ್ಮನ್ನು ನಡೆಸಲು ಯಾರಾದರೂ ದೊಡ್ಡವರು ಸಿಗುತ್ತಾರೆಯೇ ಎಂದು ಹುಡುಕತೊಡಗಿದರು. 1910ರ ಹೊತ್ತಿಗೆ ಬ್ರಿಟನ್ ಒಂದರಲ್ಲೇ ಸ್ಕೌಟ್‌ಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು.

ಹೀಗೆ ಸ್ಕೌಟ್ ಮಾಸ್ಟರ್ ಆಗಲು ಮುಂದೆ ಬಂದವರಲ್ಲಿ ಪಾದ್ರಿಗಳು, ಶಾಲಾ ಮಾಸ್ತರರು, ಗುಮಾಸ್ತರು, ನಿವೃತ್ತ ಸೈನಿಕರು ಎಲ್ಲರೂ ಇದ್ದರು. ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಕೆಲಸದ ಅರಿವು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯದಾಗಿತ್ತು. ಸೈನ್ಯದಿಂದ ಬಂದವರು ದಳವನ್ನು ಕವಾಯತಿನ ಮೈದಾನವಾಗಿಸಿದರು. ಶಾಲೆಯಿಂದ ಬಂದವರು ಅದನ್ನು ಇನ್ನೊಂದು ತರಗತಿಯಾಗಿಸಿದರು. ಹುಡುಗರು ತಾವೇ ಯೋಚಿಸಿ ತಾವೇ ನಡೆಸಬೇಕೆಂಬ ಪೆಟ್ರೋಲ್ ಪದ್ಧತಿಯ ಆಶಯ ಎರಡೂ ಕಡೆ ಕಳೆದುಹೋಗುತ್ತಿತ್ತು. ಬೇಡನ್ ಪೊವೆಲ್ 1910ರ ಸುಮಾರಿನಿಂದ ಲಂಡನ್ನಿನಲ್ಲಿ ಸ್ಕೌಟ್ ಮಾಸ್ಟರುಗಳಿಗಾಗಿ ಸಂಜೆ ಉಪನ್ಯಾಸಗಳನ್ನು ಏರ್ಪಡಿಸಿದರು. ಆದರೆ ಕೋಣೆಯಲ್ಲಿ ಕೂತು ಕೇಳಿದ ಮಾತು ಬಯಲಿನ ಬದುಕನ್ನು ಕಲಿಸದು ಎಂಬುದು ಬೇಗ ಗೊತ್ತಾಯಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸಾವಿರಾರು ಸ್ಕೌಟ್ ಮಾಸ್ಟರುಗಳು ಸೇನೆಗೆ ಸೇರಿದರು. ಅನೇಕ ಊರುಗಳಲ್ಲಿ ಹದಿನೈದು ಹದಿನಾರರ ಪೆಟ್ರೋಲ್ ಲೀಡರುಗಳೇ ದಳಗಳನ್ನು ಮುನ್ನಡೆಸಿದರು. ಪೆಟ್ರೋಲ್ ಪದ್ಧತಿಯ ಬಗ್ಗೆ 1914ರಲ್ಲಿ ಪುಸ್ತಕ ಬರೆದು ಅದಕ್ಕೆ ಖಚಿತ ರೂಪ ಕೊಟ್ಟ ರೋಲಂಡ್ ಫಿಲಿಪ್ಸ್ 1916ರಲ್ಲಿ ಸೊಮ್ ಕಾಳಗದಲ್ಲಿ ಮಡಿದರು. ಯುದ್ಧ ಮುಗಿದಾಗ ಹಳೆಯ ನಾಯಕರಲ್ಲಿ ಎಷ್ಟೋ ಮಂದಿ ಉಳಿದಿರಲಿಲ್ಲ. ಹೊಸಬರನ್ನು ತಯಾರು ಮಾಡಲು ಒಂದು ಖಾಯಂ ಜಾಗವೂ ಒಂದು ಖಾಯಂ ಕ್ರಮವೂ ಬೇಕಾಗಿದ್ದವು.

ಗಿಲ್ವೆಲ್ ಪಾರ್ಕ್

ಜಾಗ ಕೊಟ್ಟವರು ಸ್ಕಾಟ್ಲೆಂಡಿನ ವ್ಯಾಪಾರಿ, ಸ್ಕೌಟ್ ಕಮಿಷನರ್ ವಿಲಿಯಂ ಡಿ ಬೊಯಿಸ್ ಮ್ಯಾಕ್ಲಾರೆನ್. ಲಂಡನ್ನಿನ ಪೂರ್ವ ಭಾಗದ ಬಡ ಬೀದಿಗಳ ಹುಡುಗರಿಗೆ ಬಿಡಾರ ಹೂಡಲು ಒಂದು ಬಯಲು ಇರಲಿ ಎಂಬುದು ಅವರ ಮೂಲ ಆಸೆ. ಅದರ ಜತೆಗೆ ಸ್ಕೌಟ್ ಮಾಸ್ಟರುಗಳ ತರಬೇತಿಯನ್ನೂ ಅಲ್ಲೇ ನಡೆಸಬಹುದೆಂದು ಬೇಡನ್ ಪೊವೆಲ್ ಸೂಚಿಸಿದರು. ಎಪಿಂಗ್ ಕಾಡಿನ ಅಂಚಿನಲ್ಲಿ, ಚಿಂಗ್‌ಫರ್ಡ್ ಹತ್ತಿರ, ಪಾಳುಬಿದ್ದ ಒಂದು ಎಸ್ಟೇಟ್ ಮಾರಾಟಕ್ಕಿರುವ ಸುದ್ದಿ ತಂದವರು ಹಕ್ಕಿ ನೋಡಲು ಆ ಕಡೆ ಓಡಾಡುತ್ತಿದ್ದ ಯುವ ಸಹಾಯಕ ಸ್ಕೌಟ್ ಮಾಸ್ಟರ್ ಜಾನ್ ಗೇಫರ್. ಮ್ಯಾಕ್ಲಾರೆನ್ 7,000 ಪೌಂಡ್ ಕೊಟ್ಟು ಅದನ್ನು ಕೊಂಡರು. ದುರಸ್ತಿಗೆಂದು ಮತ್ತಷ್ಟು ಹಣ ಕೊಟ್ಟರು.

1919ರ ಈಸ್ಟರ್ ಹೊತ್ತಿಗೆ ಪೂರ್ವ ಲಂಡನ್ನಿನ ಕೆಲವು ರೋವರ್‌ಗಳು (ಹಿರಿಯ ವಯಸ್ಸಿನ ಸ್ಕೌಟ್‌ಗಳು) ಶುಚಿ ಮಾಡುವ ಕೆಲಸಕ್ಕೆ ಅಲ್ಲಿಗೆ ಬಂದರು. ಮಳೆಯಿಂದ ನೆಲ ಒದ್ದೆಯಾಗಿ ಡೇರೆ ಹಾಕಲು ಆಗದೆ ಅವರು ತೋಟಗಾರನ ಹಳೆಯ ಕೊಟ್ಟಿಗೆಯಲ್ಲಿ ರಾತ್ರಿ ಕಳೆದರು. ಆ ಕೊಟ್ಟಿಗೆಗೆ ಅವರಿಟ್ಟ ‘ಹಂದಿಗೂಡು’ ಎಂಬ ಹೆಸರು ಹಾಗೆಯೇ ನಿಂತಿದೆ, ಕಟ್ಟಡವನ್ನೂ ಉಳಿಸಿಕೊಂಡಿದ್ದಾರೆ. ಅಂದು ಬೆಳೆದು ಮುಚ್ಚಿದ್ದ ಪೊದೆಗಳನ್ನು ಕಡಿದು, ಬಿರುಕು ಬಿಟ್ಟ ಬಿಳಿ ಬಂಗಲೆಯನ್ನು ವಾಸಯೋಗ್ಯ ಮಾಡಿದ್ದು ಇಂಥ ಸ್ವಯಂಸೇವಕರೇ. 1919ರ ಜುಲೈ 26ರಂದು ಗಿಲ್ವೆಲ್ ಪಾರ್ಕ್ ವಿಧ್ಯುಕ್ತವಾಗಿ ತೆರೆಯಿತು. ಮುಂದೆ 1929ರಲ್ಲಿ ಬೇಡನ್ ಪೊವೆಲ್‌ಗೆ ಲಾರ್ಡ್ ಪದವಿ ಬಂದಾಗ ಅವರು ತಮ್ಮ ಬಿರುದಿಗೆ ಆರಿಸಿಕೊಂಡದ್ದು ಗಿಲ್ವೆಲ್ ಹೆಸರನ್ನೇ.

ಮೊದಲ ಶಿಬಿರ

ಮೊದಲ ತರಬೇತಿ ಶಿಬಿರ 1919ರ ಸೆಪ್ಟೆಂಬರ್ 8ರಿಂದ 19ರವರೆಗೆ ನಡೆಯಿತು. ಫ್ರಾನ್ಸಿಸ್ ಗಿಡ್ನಿ ಅದರ ಮುಖ್ಯಸ್ಥ, ಅಂದರೆ ಕ್ಯಾಂಪ್ ಚೀಫ್. ಬಂದಿದ್ದವರು ಇಪ್ಪತ್ತಕ್ಕಿಂತ ಕಡಿಮೆ. ಬೇಡನ್ ಪೊವೆಲ್ 1896ರ ಮಟಬೆಲೆ ಯುದ್ಧದ ಕಾಲದಲ್ಲಿ ಆಫ್ರಿಕಾದಿಂದ ತಂದಿದ್ದ ಕುಡು ಜಿಂಕೆಯ ಕೊಂಬನ್ನು ಊದಿ ಶಿಬಿರಾರ್ಥಿಗಳನ್ನು ಕರೆಯುತ್ತಿದ್ದರು. ಅದೇ ಕೊಂಬು ಬ್ರೌನ್‌ಸೀ ದ್ವೀಪದಲ್ಲೂ ಮೊಳಗಿತ್ತು. ಬಂದವರನ್ನು ಪೆಟ್ರೋಲ್‌ಗಳಾಗಿ ಹಂಚಲಾಯಿತು. ಮೀಸೆ ಹಣ್ಣಾದವರೂ ಯುದ್ಧದಿಂದ ಮರಳಿದವರೂ ತಮಗಿಂತ ಕಿರಿಯನೊಬ್ಬ ಪೆಟ್ರೋಲ್ ಲೀಡರ್ ಆದರೆ ಅವನ ಮಾತು ಕೇಳಬೇಕಿತ್ತು. ತಮ್ಮ ಒಲೆ ತಾವೇ ಹೂಡಿ, ಅಡುಗೆ ಮಾಡಿ, ಬೆಳಗಿನ ಡೇರೆ ತಪಾಸಣೆಗೆ ಸಿದ್ಧರಾಗಿ ನಿಲ್ಲಬೇಕಿತ್ತು. ಮರ, ಹಗ್ಗಗಳಿಂದ ಸೇತುವೆ ಕಟ್ಟುವುದು, ಹೆಜ್ಜೆ ಗುರುತು ಹಿಡಿದು ಸಾಗುವುದು, ನಕ್ಷೆ ಓದುವುದು, ಸಂಜ್ಞೆಗಳಲ್ಲಿ ಸುದ್ದಿ ಕಳುಹಿಸುವುದು, ರಾತ್ರಿ ಕ್ಯಾಂಪ್ ಫೈರ್ ಸುತ್ತ ಹಾಡು ಮತ್ತು ಚಿಕ್ಕ ಪ್ರಹಸನ, ಇವೆಲ್ಲ ಪಾಠಪಟ್ಟಿಯಲ್ಲಿದ್ದವು.

ಇದರ ಹಿಂದಿನ ವಾದ ಸರಳ. ಮಳೆಯಲ್ಲಿ ಒಲೆ ಹೊತ್ತದಿದ್ದಾಗ ಹತ್ತು ವರ್ಷದ ಹುಡುಗನಿಗೆ ಏನನ್ನಿಸುತ್ತದೆ ಎಂಬುದು ಹಾಗೆ ಪಾಡು ಪಟ್ಟವನಿಗೆ ಮಾತ್ರ ಗೊತ್ತು. ತಂಡದಲ್ಲಿ ಒಬ್ಬ ಸೋಮಾರಿ, ಒಬ್ಬ ಅತಿ ಮಾತಿನವ, ಒಬ್ಬ ಮುಜುಗರದವ ಇದ್ದರೆ ಅವರನ್ನು ಕೂಡಿಸಿ ಕೆಲಸ ಮಾಡಿಸುವುದು ಎಷ್ಟು ಕಷ್ಟ ಎಂಬುದನ್ನು ಪುಸ್ತಕ ಹೇಳಿಕೊಡದು. ವಯಸ್ಕ ಸ್ವತಃ ಪೆಟ್ರೋಲ್‌ನಲ್ಲಿ ಇದ್ದು ಬಂದರೆ, ತನ್ನೂರಿಗೆ ಮರಳಿದ ಮೇಲೆ ಹುಡುಗರ ಕೆಲಸವನ್ನು ಅವರಿಗೇ ಬಿಡುವ ಧೈರ್ಯ ಅವನಿಗೆ ಬರುತ್ತದೆ ಎಂಬುದು ಗಿಲ್ವೆಲ್‌ನ ನಂಬಿಕೆ.

ತರಬೇತಿಗೆ ಬೇಗನೆ ಮೂರು ಭಾಗಗಳ ಚೌಕಟ್ಟು ಬಂತು. ಮೊದಲನೆಯದು ಅಂಚೆಯ ಮೂಲಕ ನಡೆಯುವ ಓದು. ಕೊಟ್ಟ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ಎರಡನೆಯದು ಬಯಲಿನ ಶಿಬಿರ. ಮೂರನೆಯದು ಊರಿಗೆ ಹೋಗಿ ಹಲವು ತಿಂಗಳು ತನ್ನ ದಳವನ್ನು ನಡೆಸಿ ತೋರಿಸುವುದು. ಮೂರೂ ಮುಗಿದ ಮೇಲೆಯೇ ಮಣಿ. ಶಿಬಿರದ ಹುರುಪಿನಲ್ಲಿ ಚೆನ್ನಾಗಿ ಮಾಡಿ ಆಮೇಲೆ ಕೈಬಿಡುವವರನ್ನು ಈ ಮೂರನೆಯ ಭಾಗ ಸೋಸುತ್ತಿತ್ತು.

ಮಣಿ, ಸ್ಕಾರ್ಫು, ವಾಗಲ್

ಮಣಿಗಳ ಮೂಲ ದಕ್ಷಿಣ ಆಫ್ರಿಕಾದ ಜೂಲು ನಾಡಿನದು. 1888ರಲ್ಲಿ ಜೂಲು ಅರಸ ದಿನುಜುಲು ಬ್ರಿಟಿಷರ ವಿರುದ್ಧ ಎದ್ದಾಗ ಬೇಡನ್ ಪೊವೆಲ್ ಆ ದಂಡಯಾತ್ರೆಯಲ್ಲಿದ್ದರು. ಶೌರ್ಯಕ್ಕೆ ಮನ್ನಣೆಯಾಗಿ ಜೂಲು ಯೋಧರು ಧರಿಸುತ್ತಿದ್ದ, ಮರದ ಮಣಿಗಳ ಉದ್ದನೆಯ ಹಾರವೊಂದು ಆಗ ಅವರ ಕೈಸೇರಿತು. ಅದು ಹೇಗೆ ಕೈಸೇರಿತು ಎಂಬ ಬಗ್ಗೆ ಅವರೇ ಬೇರೆಬೇರೆ ಸಮಯದಲ್ಲಿ ಕೊಟ್ಟ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ದಿನುಜುಲು ಆಮೇಲೆ ಶರಣಾಗಿ ಸೇಂಟ್ ಹೆಲೆನಾ ದ್ವೀಪಕ್ಕೆ ಗಡೀಪಾರಾದರು. ವಿಜೇತ ಸಾಮ್ರಾಜ್ಯದ ಅಧಿಕಾರಿಯ ಪೆಟ್ಟಿಗೆ ಸೇರಿದ ಈ ಹಾರ ಮಕ್ಕಳ ಚಳವಳಿಯೊಂದರ ಗೌರವ ಚಿಹ್ನೆಯಾದುದು ವುಡ್ ಬ್ಯಾಡ್ಜ್ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯಾಗುವ ಸಂಗತಿ.

1919ರಲ್ಲಿ ಮೊದಲ ಶಿಬಿರಾರ್ಥಿಗಳಿಗೆ ಏನು ಕೊಡುವುದು ಎಂಬ ಪ್ರಶ್ನೆ ಎದ್ದಾಗ ಬೇಡನ್ ಪೊವೆಲ್ ಆ ಹಾರವನ್ನು ಬಿಚ್ಚಿ ಎರಡೆರಡು ಮಣಿ ಕೊಟ್ಟರು. ಮಣಿ ಪೋಣಿಸಿದ ತೊಗಲಿನ ದಾರದ ಕಲ್ಪನೆಯನ್ನು ದಕ್ಷಿಣ ಆಫ್ರಿಕಾದಲ್ಲಿ ತಾವು ಸೇನೆಯಲ್ಲಿದ್ದಾಗಿನ ಮ್ಯಾಫೆಕಿಂಗ್ ಮುತ್ತಿಗೆಯ ದಿನಗಳಲ್ಲಿ ಒಬ್ಬ ಆಫ್ರಿಕನ್ ಹಿರಿಯರು ತಮಗೆ ಕೊಟ್ಟ ದಾರದಿಂದ ಪಡೆದುದಾಗಿ ಅವರು ಹೇಳಿದ್ದರು. ಹಾರದ ಮಣಿಗಳು ಮುಗಿಯುತ್ತ ಬಂದಂತೆ ಒಂದು ಅಸಲಿ ಮಣಿ ಕೊಟ್ಟು, ಇನ್ನೊಂದನ್ನು ಹಾರ್ನ್‌ಬೀಮ್ ಮರದ ತುಂಡಿನಿಂದ ತಾನೇ ಕೆತ್ತಿಕೊಳ್ಳುವಂತೆ ಹೇಳುವ ರೂಢಿ ಕೆಲಕಾಲ ಇತ್ತು. ಕೊನೆಗೆ ಎರಡೂ ನಕಲಿ ಮಣಿಗಳೇ ಆದವು. ಮಣಿಗಳ ಸಂಖ್ಯೆ ಕ್ರಮೇಣ ದರ್ಜೆಯನ್ನೂ ಸೂಚಿಸತೊಡಗಿತು. ವುಡ್ ಬ್ಯಾಡ್ಜ್ ಪಡೆದ ನಾಯಕನಿಗೆ ಎರಡು, ಸಹಾಯಕ ತರಬೇತುದಾರನಿಗೆ ಮೂರು, ಪೂರ್ಣ ತರಬೇತುದಾರನಿಗೆ ನಾಲ್ಕು. ಬೇಡನ್ ಪೊವೆಲ್ ಧರಿಸುತ್ತಿದ್ದುದು ಆರು. ಅವರ ಆಪ್ತ ಪರ್ಸಿ ಎವೆರೆಟ್ ಬಳಿಯೂ ಆರು ಮಣಿಗಳಿದ್ದವು. 1949ರಲ್ಲಿ ಎವೆರೆಟ್ ಅವನ್ನು ಗಿಲ್ವೆಲ್‌ಗೆ ಒಪ್ಪಿಸಿದ ಮೇಲೆ ಅವು ಅಲ್ಲಿನ ಕ್ಯಾಂಪ್ ಚೀಫ್‌ರ ಅಧಿಕಾರ ಚಿಹ್ನೆಯಾದವು.

ಸ್ಕಾರ್ಫು ಮ್ಯಾಕ್ಲಾರೆನ್ ಅವರ ಋಣದ ನೆನಪು. ಮೊದಲಿಗೆ ಇಡೀ ಸ್ಕಾರ್ಫನ್ನು ಮ್ಯಾಕ್ಲಾರೆನ್ ಮನೆತನದ ಚೌಕಳಿ ಬಟ್ಟೆಯಲ್ಲೇ ಹೊಲಿಸುತ್ತಿದ್ದರು. ಆ ಬಟ್ಟೆ ದುಬಾರಿಯಾದ್ದರಿಂದ ಬೂದು ಬಣ್ಣದ ಬಟ್ಟೆಯ ಹಿಂತುದಿಗೆ ಅದರದೊಂದು ಚೂರನ್ನು ಹೊಲಿಯುವುದು ವಾಡಿಕೆಯಾಯಿತು. ತೊಗಲಿನ ಎಳೆಯನ್ನು ಹೆಣೆದು ಮಾಡುವ ವಾಗಲ್ 1920ರ ದಶಕದಲ್ಲಿ ಗಿಲ್ವೆಲ್ ಸಿಬ್ಬಂದಿಯಲ್ಲಿದ್ದ ಬಿಲ್ ಶ್ಯಾಂಕ್ಲಿ ರೂಪಿಸಿದ್ದು. ದಿಮ್ಮಿಗೆ ನೆಟ್ಟ ಕೊಡಲಿ ಗಿಲ್ವೆಲ್‌ನ ಲಾಂಛನವಾಯಿತು.

ಕೋಲ್ಕತ್ತಾದಿಂದ ಗಿಲ್ವೆಲ್‌ಗೆ

1923ರಲ್ಲಿ ಗಿಡ್ನಿ ಅವರ ಸ್ಥಾನಕ್ಕೆ ಬಂದ ಜಾನ್ ಸ್ಕಿನ್ನರ್ ವಿಲ್ಸನ್ ಅದಕ್ಕೆ ಮುಂಚೆ ಕೋಲ್ಕತ್ತಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯಾಗಿದ್ದವರು. ಸ್ಕೌಟ್ ಕೆಲಸದ ನಂಟು ಅವರಿಗೆ ಅಂಟಿದ್ದು ಆ ನಗರದಲ್ಲೇ. 1943ರವರೆಗೆ ಅವರು ಕ್ಯಾಂಪ್ ಚೀಫ್ ಆಗಿದ್ದರು. ಒಂದು ಶಿಬಿರದ ಪದ್ಧತಿಯನ್ನು ದೇಶದೇಶಗಳಲ್ಲಿ ಒಂದೇ ಬಗೆಯಾಗಿ ನಡೆಯುವ ವ್ಯವಸ್ಥೆಯಾಗಿ ಬೆಳೆಸಿದ್ದು ಅವರ ಕಾಲದಲ್ಲಿ. ಒಂದು ದೇಶದ ಆಯ್ದ ನಾಯಕರು ಗಿಲ್ವೆಲ್‌ಗೆ ಬಂದು ಕಲಿಯುವುದು, ಮರಳಿ ಹೋಗಿ ಉಪ ಕ್ಯಾಂಪ್ ಚೀಫ್ ಹೆಸರಿನಲ್ಲಿ ತಮ್ಮ ನೆಲದಲ್ಲೇ ಶಿಬಿರ ನಡೆಸುವುದು ಇದರ ದಾರಿ. ಫ್ರಾನ್ಸಿನ ಶಮಾರಾಂದ್ ಹೀಗೆ ಹುಟ್ಟಿದ ಕೇಂದ್ರ. ನೆದರ್ಲೆಂಡ್ಸ್‌ನ ಓಮನ್‌ನಲ್ಲಿ ಬ್ಯಾರನ್ ಫಿಲಿಪ್ ವಾನ್ ಪಾಲಾಂಡ್ಟ್ ತಮ್ಮ ಜಮೀನನ್ನು ಸ್ಕೌಟ್ ತರಬೇತಿಗೆ ಕೊಟ್ಟರು. 

ತರಬೇತಿ ಗಂಡಸರಿಗಷ್ಟೇ ಸೀಮಿತವಾಗಿರಲಿಲ್ಲ. ಕಿರಿಯ ಮಕ್ಕಳ ಕಬ್ ವಿಭಾಗ 1916ರಲ್ಲಿ ರೂಪುಗೊಂಡಾಗ ಅದರ ಕೈಪಿಡಿ ತಯಾರಿಯಲ್ಲಿ ವೆರಾ ಬಾರ್ಕ್ಲೆ ದೊಡ್ಡ ಪಾತ್ರ ವಹಿಸಿದ್ದರು. ಯುದ್ಧಕಾಲದಲ್ಲಿ ಗಂಡಸರು ಇಲ್ಲದ ಕಡೆ ಕಬ್ ಗುಂಪುಗಳನ್ನು ಹೆಂಗಸರೇ ನಡೆಸಿದ್ದರಿಂದ ಕಬ್ ನಾಯಕರ ತರಬೇತಿಯಲ್ಲಿ ಅವರಿಗೆ ಮೊದಲಿನಿಂದಲೂ ಜಾಗವಿತ್ತು. ಹುಡುಗಿಯರ ಗರ್ಲ್ ಗೈಡ್ ಸಂಸ್ಥೆ 1922ರಲ್ಲಿ ಹ್ಯಾಂಪ್‌ಶೈರ್‌ನ ಫಾಕ್ಸ್‌ಲೀಸ್‌ನಲ್ಲಿ ತನ್ನದೇ ತರಬೇತಿ ಕೇಂದ್ರ ತೆರೆಯಿತು.

ಎರಡನೆಯ ಮಹಾಯುದ್ಧದಲ್ಲಿ ಗಿಲ್ವೆಲ್ ಪಾರ್ಕ್ ಸೇನೆಯ ವಶಕ್ಕೆ ಹೋಯಿತು. ಯುದ್ಧದ ನಂತರ ಕೇಂದ್ರವನ್ನು ಮತ್ತೆ ಎತ್ತಿ ನಿಲ್ಲಿಸಿದವರು 1943ರಿಂದ 1969ರವರೆಗೆ ಕ್ಯಾಂಪ್ ಚೀಫ್ ಆಗಿದ್ದ ಜಾನ್ ಥರ್ಮನ್.

ಅಮೆರಿಕದ ತಿರುವು

ಅಮೆರಿಕದಲ್ಲಿ ವುಡ್ ಬ್ಯಾಡ್ಜ್ ತಡವಾಗಿ ನೆಲೆಯೂರಿತು. 1936ರಲ್ಲಿ ವಿಲ್ಸನ್ ಅವರೇ ನ್ಯೂಜೆರ್ಸಿಯ ಶಿಫ್ ಶಿಬಿರ ಸ್ಥಳಕ್ಕೆ ಹೋಗಿ ಪ್ರಾಯೋಗಿಕ ಶಿಬಿರ ನಡೆಸಿದರೂ ಅದು ಆಗ ಮುಂದುವರಿಯಲಿಲ್ಲ. 1948ರಲ್ಲಿ ಅದೇ ಸ್ಥಳದಲ್ಲಿ ಅಮೆರಿಕದ ಸಂಸ್ಥೆ ತನ್ನ ಮೊದಲ ಅಧಿಕೃತ ವುಡ್ ಬ್ಯಾಡ್ಜ್ ಶಿಬಿರ ಏರ್ಪಡಿಸಿತು. ಅದನ್ನು ನಡೆಸಿದವರು ಡೆನ್ಮಾರ್ಕ್ ಮೂಲದ ವಿಲಿಯಂ ಹಿಲ್‌ಕೋರ್ಟ್. ಅವರ ಕ್ರಮ ಗಿಲ್ವೆಲ್‌ನದೇ: ಪೆಟ್ರೋಲ್, ಬಿಡಾರ, ಬಯಲಿನ ಕುಶಲತೆ.

ಈ ದಾರಿ ಬೇರೆ ಕಡೆ ಹೊರಳಿದ್ದು ಹಂಗೇರಿಯಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಬೇಲಾ ಬನಾಥಿ ಅವರಿಂದ. ಹುಡುಗರಿಗೆ ನಾಯಕತ್ವವನ್ನು ನೇರವಾಗಿ, ಬಿಡಿಬಿಡಿ ಕೌಶಲಗಳಾಗಿ ಕಲಿಸಬಹುದು ಎಂದು ಅವರು 1958ರ ಸುಮಾರಿಗೆ ಮಾಂಟೆರೆಯಲ್ಲಿ ‘ವೈಟ್ ಸ್ಟ್ಯಾಗ್’ ಎಂಬ ಕಾರ್ಯಕ್ರಮ ಆರಂಭಿಸಿದರು. ಗುಂಪಿನ ಅಗತ್ಯ ಅರಿಯುವುದು, ಕೆಲಸ ಹಂಚುವುದು, ಯೋಜನೆ ಹಾಕುವುದು, ಆದ ಕೆಲಸವನ್ನು ಅಳೆದು ನೋಡುವುದು ಇಂಥ ಕೌಶಲಗಳ ಪಟ್ಟಿ ಅವರದು. 1960ರ ದಶಕದ ಕೊನೆಯಲ್ಲಿ ಇದನ್ನು ವುಡ್ ಬ್ಯಾಡ್ಜ್‌ನಲ್ಲಿ ಪ್ರಯೋಗ ಮಾಡಿ ನೋಡಿದ ಅಮೆರಿಕದ ಸಂಸ್ಥೆ 1970ರ ದಶಕದ ಆರಂಭದಲ್ಲಿ ತನ್ನ ತರಬೇತಿಯ ಕೇಂದ್ರಕ್ಕೆ ಅದನ್ನೇ ತಂದಿತು. ಹಿಲ್‌ಕೋರ್ಟ್ ಇದನ್ನು ಒಪ್ಪಲಿಲ್ಲ. ಬಯಲಿನ ಬದುಕನ್ನು ಬದಿಗಿಟ್ಟರೆ ಸ್ಕೌಟ್ ತರಬೇತಿಗೂ ಕಂಪನಿಯ ಮ್ಯಾನೇಜರ್ ತರಬೇತಿಗೂ ವ್ಯತ್ಯಾಸ ಉಳಿಯದು ಎಂಬುದು ಹಳಬರ ಆಕ್ಷೇಪವಾಗಿತ್ತು. ಹೊಸಬರ ಉತ್ತರವೂ ಗಟ್ಟಿಯಾಗಿಯೇ ಇತ್ತು. ಗಂಟು ಹಾಕುವುದನ್ನು ಮೂಲ ತರಬೇತಿಯಲ್ಲೇ ಕಲಿಯಬಹುದು, ಉನ್ನತ ತರಬೇತಿಗೆ ಬರುವವನು ಜನರನ್ನು ಕೂಡಿಸಿ ನಡೆಸುವುದನ್ನು ಕಲಿಯಲಿ ಎಂದು ಅವರು ವಾದಿಸಿದರು.

ಈ ಶತಮಾನದ ಆರಂಭದಲ್ಲಿ ಬಂದ ಅಮೆರಿಕದ ಪಠ್ಯದಲ್ಲಿ ತಂಡವೊಂದು ಬೆಳೆಯುವ ಹಂತಗಳು, ಸಂದರ್ಭಕ್ಕೆ ತಕ್ಕ ನಾಯಕತ್ವ ಮೊದಲಾದ ನಿರ್ವಹಣಾ ಶಾಸ್ತ್ರದ ವಿಷಯಗಳು ಸೇರಿದವು. ಮೂರನೆಯ ಭಾಗದ ಜಾಗವನ್ನು ‘ಟಿಕೆಟ್’ ಎಂಬ ಏರ್ಪಾಡು ತುಂಬಿತು. ತನ್ನ ದಳಕ್ಕೆ ಏನೇನು ಮಾಡುತ್ತೇನೆ ಎಂದು ಶಿಬಿರಾರ್ಥಿ ಐದು ಗುರಿಗಳನ್ನು ಬರೆದುಕೊಟ್ಟು, 18 ತಿಂಗಳ ಒಳಗೆ ಅವನ್ನು ಮುಗಿಸಬೇಕು. ಈ ಮಾರ್ಪಾಡುಗಳ ನಡುವೆಯೂ ಶಿಬಿರಾರ್ಥಿಗಳು ಪೆಟ್ರೋಲ್‌ಗಳಲ್ಲೇ ಇದ್ದು ಕಲಿಯುವ ಕ್ರಮವನ್ನು ಯಾರೂ ಕೈಬಿಡಲಿಲ್ಲ.

ಭಾರತದಲ್ಲಿ

ಭಾರತದ ಸ್ಕೌಟ್ ಚರಿತ್ರೆ ಬೆಂಗಳೂರಿನಿಂದ ಆರಂಭವಾಗುತ್ತದೆ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಮೊದಲ ದಳ ಕಟ್ಟಿದರು. ಆರಂಭದ ವರ್ಷಗಳಲ್ಲಿ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲಾಗಿದ್ದವು. ಭಾರತೀಯ ಮಕ್ಕಳನ್ನು ಹೊರಗಿಟ್ಟ ಈ ನೀತಿಗೆ ಎದುರಾಗಿ ದೇಶೀಯ ಸಂಸ್ಥೆಗಳು ಹುಟ್ಟಿದವು. ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಒಂದು ಸಂಘ ಕಟ್ಟಿದರೆ, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ವಾಜಪೇಯಿ ಸೇವಾ ಸಮಿತಿಯ ಹೆಸರಿನಲ್ಲಿ ದಳಗಳನ್ನು ಬೆಳೆಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟ್ ಅವರ ಸಂಘ ಮುಖ್ಯ ಸಂಸ್ಥೆಯಲ್ಲಿ ಸೇರಿತು. ಸೇವಾ ಸಮಿತಿ ಸೇರದೆ ಪ್ರತ್ಯೇಕವಾಗಿಯೇ ಉಳಿಯಿತು.

ಸ್ವಾತಂತ್ರ್ಯದ ನಂತರ ಬೇರೆಬೇರೆ ಸಂಸ್ಥೆಗಳು ಒಂದಾಗಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ ಸಂಸ್ಥೆಯೂ ಇದರಲ್ಲಿ ಕೂಡಿಕೊಂಡಿತು. ಹುಡುಗರ ಮತ್ತು ಹುಡುಗಿಯರ ವಿಭಾಗಗಳೆರಡೂ ಒಂದೇ ಸಂಸ್ಥೆಯಲ್ಲಿ ಇರುವುದರಿಂದ ಇಲ್ಲಿ ತರಬೇತಿಯ ಮೆಟ್ಟಿಲುಗಳೂ ಇಬ್ಬರಿಗೂ ಸಮಾನ. ಸಾತ್ಪುರ ಬೆಟ್ಟಗಳ ಪಚಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ದೇಶದ ತರಬೇತುದಾರರು ತಯಾರಾಗುವುದು ಮುಖ್ಯವಾಗಿ ಅಲ್ಲಿ.

ಮೆಟ್ಟಿಲುಗಳು ಹೀಗಿವೆ. ಮೊದಲು ಬೇಸಿಕ್ ಕೋರ್ಸ್, ಕೆಲಕಾಲ ದಳ ನಡೆಸಿದ ನಂತರ ಅಡ್ವಾನ್ಸ್ಡ್ ಕೋರ್ಸ್, ಮತ್ತಷ್ಟು ಅನುಭವದ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್. ಕಬ್ ಮಾಸ್ಟರ್, ಫ್ಲಾಕ್ ಲೀಡರ್, ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್, ರೋವರ್ ಲೀಡರ್, ರೇಂಜರ್ ಲೀಡರ್ ಎಂದು ವಿಭಾಗಕ್ಕೆ ತಕ್ಕಂತೆ ಶಿಬಿರಗಳು ಬೇರೆಬೇರೆ. ಅಲ್ಲಿಂದ ಮುಂದಕ್ಕೆ ಅಸಿಸ್ಟೆಂಟ್ ಲೀಡರ್ ಟ್ರೈನರ್, ಲೀಡರ್ ಟ್ರೈನರ್ ಪದವಿಗಳು.

ಶಿಬಿರದ ದಿನಚರಿಯಲ್ಲಿ ಗಿಲ್ವೆಲ್‌ನ ಅಚ್ಚು ಸ್ಪಷ್ಟವಾಗಿ ಕಾಣುತ್ತದೆ. ಬೆಳಗ್ಗೆ ಬೇಡನ್ ಪೊವೆಲ್ ಹೆಸರಿನ ಆರು ವ್ಯಾಯಾಮಗಳು, ಡೇರೆ ತಪಾಸಣೆ, ಧ್ವಜಾರೋಹಣ. ಶಿಬಿರಾರ್ಥಿಗಳು ಬಿದಿರು ಗಳ, ಹುರಿಗಳಿಂದ ಚಪ್ಪಲಿ ಗೂಡು, ತಟ್ಟೆ ಲೋಟ ಇಡುವ ಅಟ್ಟಣೆ, ಬಟ್ಟೆ ಒಣಹಾಕುವ ಗೂಟಗಳನ್ನು ಮಾಡಿಕೊಳ್ಳುತ್ತಾರೆ. ಇವನ್ನು ಗ್ಯಾಜೆಟ್ ಎನ್ನುತ್ತಾರೆ. ಮೊಳೆ ಹೊಡೆಯುವಂತಿಲ್ಲ, ಬಿಗಿ ನಿಲ್ಲಬೇಕಾದದ್ದು ಹುರಿಯ ಕಟ್ಟಿನ ಮೇಲೆಯೇ. ಮಧ್ಯಾಹ್ನ ಪ್ರಥಮ ಚಿಕಿತ್ಸೆ, ನಕ್ಷೆ, ಮಕ್ಕಳ ವಯೋಮಾನದ ಸ್ವಭಾವ, ದಳದ ಲೆಕ್ಕಪತ್ರ ಮೊದಲಾದ ಪಾಠಗಳು ನಡೆಯುತ್ತವೆ. ಸರ್ವಧರ್ಮ ಪ್ರಾರ್ಥನೆ ಭಾರತದ ಸಂಸ್ಥೆ ಸೇರಿಸಿಕೊಂಡ ಅಂಗ. ರಾತ್ರಿ ಕ್ಯಾಂಪ್ ಫೈರ್ ಇದ್ದೇ ಇರುತ್ತದೆ.

ಕರ್ನಾಟಕದಲ್ಲಿ ಈ ಶಿಬಿರಗಳಿಗೆ ಬರುವವರಲ್ಲಿ ಶಾಲಾ ಶಿಕ್ಷಕ ಶಿಕ್ಷಕಿಯರೇ ಬಹುಪಾಲು. ದಳಗಳು ಹೆಚ್ಚಾಗಿ ಶಾಲೆಗಳಲ್ಲೇ ಇರುವುದು ಇದಕ್ಕೆ ಕಾರಣ. ರಾಜ್ಯ ಸಂಸ್ಥೆಯ ಪ್ರಮುಖ ತರಬೇತಿ ನೆಲೆ ದೊಡ್ಡಬಳ್ಳಾಪುರದ ಬಳಿ ಆನಿ ಬೆಸೆಂಟ್ ಹೆಸರಿನ ಉದ್ಯಾನದಲ್ಲಿದೆ. ರಾಜ್ಯದಲ್ಲಿ ಸ್ಕೌಟ್ ಕೆಲಸವನ್ನು ಬಹುಕಾಲ ಮುನ್ನಡೆಸಿದ ಕೊಂಡಜ್ಜಿ ಬಸಪ್ಪನವರ ಊರಾದ, ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲೂ ಶಿಬಿರ ಕೇಂದ್ರವಿದೆ. ಇಂಗ್ಲೆಂಡಿನ ತರಬೇತಿಗೂ ಇಲ್ಲಿನದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಶಿಬಿರಾರ್ಥಿಗಳಲ್ಲಿ ಶಿಕ್ಷಕರೇ ಹೆಚ್ಚಾಗಿರುವುದರಲ್ಲಿ. ಅಲ್ಲಿ ಬೇರೆಬೇರೆ ಕಸುಬಿನವರು ಬಿಡುವಿನ ವೇಳೆಯಲ್ಲಿ ದಳ ನಡೆಸುತ್ತಾರೆ. ಇಲ್ಲಿ ತರಗತಿಯಲ್ಲಿ ದಿನವಿಡೀ ಕಲಿಸುವವರೇ ಸಂಜೆ ದಳದ ಮುಂದೆ ನಿಲ್ಲುತ್ತಾರೆ. ಆದ್ದರಿಂದ ಹೇಳಿಕೊಡುವ ಅಭ್ಯಾಸವನ್ನು ಕೆಲವು ದಿನ ಬದಿಗಿಟ್ಟು ಪೆಟ್ರೋಲ್‌ನ ಸದಸ್ಯರಾಗಿ ಇರುವುದು ಇಲ್ಲಿನ ಶಿಬಿರಾರ್ಥಿಗಳಿಗೆ ಹೆಚ್ಚು ಕಷ್ಟದ್ದೂ ಹೌದು, ಹೆಚ್ಚು ಅಗತ್ಯದ್ದೂ ಹೌದು.

ಈಗಿನ ಸ್ಥಿತಿ

1960ರ ದಶಕದ ಕೊನೆಯವರೆಗೆ ವುಡ್ ಬ್ಯಾಡ್ಜ್ ವಿಷಯದಲ್ಲಿ ಗಿಲ್ವೆಲ್ ಮಾತೇ ನಡೆಯುತ್ತಿತ್ತು. ಥರ್ಮನ್ ನಿವೃತ್ತರಾದ ಹೊತ್ತಿನಿಂದ ಪಠ್ಯ, ಅವಧಿ, ಅರ್ಹತೆಗಳನ್ನು ಆಯಾ ದೇಶದ ಸಂಸ್ಥೆಗಳೇ ಗೊತ್ತುಪಡಿಸುತ್ತ ಬಂದಿವೆ. 1990ರ ದಶಕದಲ್ಲಿ ವಿಶ್ವ ಸ್ಕೌಟ್ ಸಂಸ್ಥೆ ವಯಸ್ಕ ಸ್ವಯಂಸೇವಕರ ಬಗ್ಗೆ ಒಂದು ನೀತಿ ರೂಪಿಸಿ, ಅವರನ್ನು ಆರಿಸುವುದು, ತರಬೇತಿ ಕೊಡುವುದು, ಬೆಂಬಲಿಸುವುದು, ಹೊಣೆಯಿಂದ ಬಿಡುಗಡೆ ಮಾಡುವುದು ಇವೆಲ್ಲ ಒಂದೇ ಸರಣಿಯ ಭಾಗಗಳು ಎಂದು ಒಪ್ಪಿಕೊಂಡಿತು. ಮಕ್ಕಳ ಸುರಕ್ಷತೆಯ ಪಾಠ ಇಂದು ಅನೇಕ ದೇಶಗಳಲ್ಲಿ ಕಡ್ಡಾಯ. ಅಂಚೆಯ ಓದಿನ ಜಾಗಕ್ಕೆ ಹಲವು ಕಡೆ ಆನ್‌ಲೈನ್ ಪಾಠಗಳು ಬಂದಿವೆ.

ವುಡ್ ಬ್ಯಾಡ್ಜ್ ಪಡೆದವರೆಲ್ಲ, ಯಾವ ದೇಶದವರೇ ಆಗಿರಲಿ, ‘ಒಂದನೆಯ ಗಿಲ್ವೆಲ್ ಪಾರ್ಕ್’ ದಳದ ಸದಸ್ಯರು ಎಂಬುದು ಸಂಪ್ರದಾಯ. ಪ್ರತಿ ಸೆಪ್ಟೆಂಬರಿನಲ್ಲಿ ಗಿಲ್ವೆಲ್‌ನಲ್ಲಿ ಅವರ ಸಮಾವೇಶ ನಡೆಯುತ್ತದೆ. ಈ ಪದವಿಗೆ ಸಂಬಳವಿಲ್ಲ, ಅದರಿಂದ ಹೊರಗಿನ ಉದ್ಯೋಗದಲ್ಲಿ ಬಡ್ತಿ ಬರುವ ಖಾತರಿಯೂ ಇಲ್ಲ. ಆದರೂ ನೂರು ವರ್ಷ ಇದು ಬಾಳಿದ್ದಕ್ಕೆ ಮುಖ್ಯ ಕಾರಣ ಅದರ ಕ್ರಮದಲ್ಲೇ ಇದೆ. ಶಿಬಿರ ಮುಗಿದ ಮೇಲೂ ತನ್ನ ದಳದಲ್ಲಿ ಕೆಲಸ ಮಾಡಿ ತೋರಿಸಿದವನಿಗೆ ಮಾತ್ರ ಮಣಿ ಎಂಬ ನಿಯಮ ಈ ಪದವಿಯನ್ನು ಬರಿಯ ಹಾಜರಾತಿಯ ಪ್ರಮಾಣಪತ್ರ ಆಗಗೊಟ್ಟಿಲ್ಲ.